ಜಾಸ್ತಿ ಬಂದ ಎರಡು ಡಾಲ್ಟನ್: ಒಂದು ಪೆಪ್ಟೈಡ್ ತೂಕದ ಪ್ರಕರಣ

ಒಂದೇ ಪೆಪ್ಟೈಡು, ಅದಕ್ಕೆ ನಾಲ್ಕು ತೂಕ, ಎಲ್ಲಾ ಡಾಲ್ಟನ್ ಅನ್ನೋ ಅಣುತೂಕದ ಅಳತೇಲಿ. ಲ್ಯಾಬಿನ ಹಳೇ ಎಕ್ಸೆಲ್ ಶೀಟ್ ಹೇಳೋದು 1284.56, ಎಕ್ಸ್‌ಪಾಸಿ ವೆಬ್‌ಸೈಟಿನ ಪ್ರೋಟ್‌ಪ್ಯಾರಮ್ ಅನ್ನೋ ಲೆಕ್ಕದ ಟೂಲ್‌ಗೆ ಹಾಕಿದ್ರೆ 1140.43, ಪೆಪ್ಟೈಡ್ ಮಾಡಿ ಕಳಿಸಿದ ಕಂಪನಿ ರಿಪೋರ್ಟಲ್ಲಿ 1181.48, ಗೈಡ್ ತಮ್ಮ ಪ್ರಾಜೆಕ್ಟ್ ಪ್ರಪೋಸಲ್ಲಲ್ಲಿ ಬರೆದಿದ್ದು 1179.47. ಆರು ತಿಂಗಳ ಪ್ರೋಗ್ರೆಸ್ ರಿಪೋರ್ಟ್ ಬರೀತಾ ಕೂತಿದ್ದ ಹುಡುಗಿ ಟೇಬಲ್ಲಲ್ಲಿ ಮಾಲಿಕ್ಯುಲರ್ ವೇಟ್ ಅನ್ನೋ ಕಾಲಂ ಹತ್ರ ಬಂದು ನಿಂತುಬಿಟ್ಟಿದ್ಲು. "ಅಣ್ಣ, ಇದ್ರಲ್ಲಿ ಯಾವ್ದುನ್ನ ಬರೀಲಿ ಹೇಳಿ, ಸಾಯಂಕಾಲದ ಟ್ರೈನಿಗೆ ಹೋಗ್ಬೇಕು ನಾನು" ಅಂದ್ಲು. ಅವತ್ತು ಅವಳು ಟ್ರೈನ್ ಮಿಸ್ ಮಾಡ್ಕೊಂಡ್ಲು, ಆಮೇಲೆ ನಾವಿಬ್ರೂ ಸೇರಿ ಸುಮಾರು ಐದು ವಾರ ಇದರ ಹಿಂದೆ ಬಿದ್ವಿ. ಬೇರೆಯವ್ರಿಗೂ ಉಪಯೋಗಕ್ಕೆ ಬರ್ಲಿ ಅಂತ ಪೂರ್ತಿ ಕಥೆ ಬರೀತಿದೀನಿ.

ನಡೆದಿದ್ದು ಮೈಸೂರಲ್ಲಿ, ಕುಕ್ಕರಹಳ್ಳಿ ಕೆರೆ ಕಡೆ ಇರೋ ಒಂದು ಲ್ಯಾಬಲ್ಲಿ, ಯಾವ ಲ್ಯಾಬು ಅನ್ನೋದು ಬೇಡ, ತಪ್ಪೆಲ್ಲಾ ನಮ್ಮದೇ. ಹುಡುಗಿ ಮಂಡ್ಯ ಕಡೆಯವ್ಳು, ಮೈಕ್ರೋಬಯಾಲಜಿ ಓದಿ ಬಂದೋಳು, ಕೈಕೆಲಸ ಬಹಳ ಅಚ್ಚುಕಟ್ಟು, ಆದ್ರೆ ಕೆಮಿಸ್ಟ್ರಿ ಅಂದ್ರೆ ಪಿಯುಸಿ ನೆನಪು ಅಷ್ಟೇ. ನಾನು ಅದೇ ಲ್ಯಾಬಿನ ಹಳೇ ಗಿರಾಕಿ, ಈಗ ಬೇರೆ ಕಡೆ ಇದ್ರೂ ಶನಿವಾರ ಟೀ ಕುಡಿಯೋ ನೆಪದಲ್ಲಿ ಹೋಗ್ತಿರ್ತೀನಿ.

ಪೆಪ್ಟೈಡ್ ಏನು ಅಂದ್ರೆ, ಹಾಲು ಕೆಡಿಸೋ ಬ್ಯಾಕ್ಟೀರಿಯಾ ಮೇಲೆ ಪರೀಕ್ಷೆ ಮಾಡೋಕೆ ಗೈಡ್ ಡಿಸೈನ್ ಮಾಡಿದ ಒಂಬತ್ತು ಅಮಿನೊ ಆಮ್ಲದ ಸಣ್ಣ ಸರಪಳಿ. ಒಂದಕ್ಷರದ ಕೋಡಲ್ಲಿ ಹೇಳೋದಾದ್ರೆ ಸಿ-ಕೆ-ಆರ್-ಡಬ್ಲ್ಯೂ-ಎಲ್-ಜಿ-ಎಫ್-ಕೆ-ಸಿ, ಅಂದ್ರೆ ಸಿಸ್ಟೀನ್, ಲೈಸೀನ್, ಆರ್ಜಿನೀನ್, ಟ್ರಿಪ್ಟೊಫಾನ್, ಲ್ಯೂಸೀನ್, ಗ್ಲೈಸೀನ್, ಫಿನೈಲ್‌ಅಲನೀನ್, ಮತ್ತೆ ಲೈಸೀನ್, ಕೊನೇಲಿ ಮತ್ತೆ ಸಿಸ್ಟೀನ್. ಮುಂದಿನ ತುದೀಲಿ ಅಸಿಟೈಲ್ ಟೋಪಿ, ಹಿಂದಿನ ತುದೀಲಿ ಆಮ್ಲದ ಬದ್ಲು ಅಮೈಡ್. ಎರಡು ತುದಿಯ ಸಿಸ್ಟೀನ್‌ಗಳ ಗಂಧಕ ಒಂದಕ್ಕೊಂದು ಕೈ ಹಿಡಿದು ಡೈಸಲ್ಫೈಡ್ ಬಂಧ ಆಗಿ ಪೂರ್ತಿ ಸರಪಳಿ ಬಳೆ ಥರ ಆಗ್ಬೇಕು ಅನ್ನೋದು ಡಿಸೈನು. ಈ ಬಳೆ ವಿಷಯ ನೆನಪಿಟ್ಕೊಳ್ಳಿ.

ಪಾರ್ಸೆಲ್ ಬಂದಿದ್ದು ಆಯುಧಪೂಜೆ ಹಿಂದಿನ ದಿನ. ಎಲ್ರೂ ಇನ್‌ಸ್ಟ್ರುಮೆಂಟಿಗೆ ಕುಂಕುಮ ಇಟ್ಟು ಬಾಳೆಕಂದು ಕಟ್ಟೋ ಗಡಿಬಿಡೀಲಿ ಇದ್ರು, ಡಬ್ಬ ಸೆಕ್ಯೂರಿಟಿ ಟೇಬಲ್ ಮೇಲೇ ಉಳ್ಕೊಂಡು, ಜಂಬೂಸವಾರಿ ಎಲ್ಲಾ ಮುಗಿದ ಮೇಲೆ ಯಾರೋ ನೋಡಿ ಮೈನಸ್ 20 ಫ್ರಿಜ್ಜಿಗೆ ಹಾಕಿದ್ರು. ಒಣ ಪುಡಿ ಆಗಿದ್ರಿಂದ ನಾಲ್ಕೈದು ದಿನಕ್ಕೆ ಏನೂ ಆಗಲ್ಲ, ನೀರಲ್ಲಿ ಕರಗಿಸಿದ್ದಿದ್ರೆ ಬೇರೆ ಮಾತು. ಹತ್ತು ಮಿಲಿಗ್ರಾಂ ಅಂದ್ರೆ ಟ್ಯೂಬ್ ತಳದಲ್ಲಿ ಒಂಚೂರು ಬಿಳೀ ಹತ್ತಿ ಥರ, ಬೊಂಬಾಯಿ ಮಿಠಾಯಿ ಎಳೆ ಥರ, ಮುಚ್ಚಳ ತೆಗೆದ ತಕ್ಷಣ ಸ್ಟಾಟಿಕ್‌ಗೆ ಹಾರಿ ಗ್ಲೌಸಿಗೆ ಅಂಟ್ಕೊಳ್ಳತ್ತೆ. ತೆಗೆಯೋಕೆ ಮುಂಚೆ ಒಂದು ನಿಮಿಷ ಸೆಂಟ್ರಿಫ್ಯೂಜಲ್ಲಿ ತಿರುಗಿಸ್ಬೇಕು ಅನ್ನೋದು ಅವಳಿಗೆ ಗೊತ್ತಿತ್ತು, ಪುಣ್ಯ.

ಸರಿ, ಲೆಕ್ಕಕ್ಕೆ ಬರೋಣ.

1284.56 ಎಲ್ಲಿಂದ ಬಂತು ಅನ್ನೋದು ಮೊದ್ಲೇ ಗೊತ್ತಾಯ್ತು. ಆ ಶೀಟಲ್ಲಿ ಇದ್ದಿದ್ದು ಬಾಟ್ಲಲ್ಲಿ ಸಿಗೋ ಅಮಿನೊ ಆಮ್ಲಗಳ ತೂಕ. ಸಿಸ್ಟೀನ್ 121.16, ಲೈಸೀನ್ 146.19, ಗ್ಲೈಸೀನ್ 75.07, ಹಿಂಗೆ. ಒಂಬತ್ತನ್ನೂ ಸುಮ್ನೆ ಕೂಡ್ಸಿದ್ರೆ 1284.56 ಬರತ್ತೆ. ಆದ್ರೆ ಎರಡು ಅಮಿನೊ ಆಮ್ಲ ಸೇರಿ ಪೆಪ್ಟೈಡ್ ಬಂಧ ಆಗ್ಬೇಕಾದ್ರೆ ಒಂದು ನೀರಿನ ಅಣು ಬಿಟ್ಟು ಹೋಗತ್ತೆ, ಅದರ ತೂಕ 18.015, ಅದನ್ನ ಯಾರೂ ಕಳೆದಿಲ್ಲ. ಈ ಶೀಟ್ ಮಾಡಿದ ಪುಣ್ಯಾತ್ಮ ಯಾರು ಅಂತ ನಾನು ನಗ್ತಾ ಇದ್ದೆ, ಹುಡುಗಿ ಫೈಲ್ ಪ್ರಾಪರ್ಟೀಸ್ ತೆಗೆದು ತೋರ್ಸಿದ್ಲು, ನನ್ನ ಹೆಸರೇ! ಮೀಡಿಯಾಕ್ಕೆ ಅಮಿನೊ ಆಮ್ಲ ಹಾಕೋ ಲೆಕ್ಕಕ್ಕೆ ಯಾವುದೋ ಕಾಲದಲ್ಲಿ ಮಾಡಿದ್ದು, ಆಮೇಲೆ ಬಂದೋರು ಅದನ್ನ ಪೆಪ್ಟೈಡ್‌ಗೂ ಹಚ್ಚಿದಾರೆ. ನಗು ಅಲ್ಲಿಗೆ ನಿಂತೋಯ್ತು.

ನೀರು ಕಳೀಬೇಕು ಅಂದ ತಕ್ಷಣ ಅವಳು ಒಂಬತ್ತು ನೀರು ಕಳೆದ್ಲು, 1122.42 ಬಂತು. ಇದು ಎಲ್ರೂ ಮಾಡೋ ತಪ್ಪು. ಒಂಬತ್ತು ಜನ ಸಾಲಾಗಿ ಕೈ ಕೈ ಹಿಡ್ಕೊಂಡು ನಿಂತ್ರೆ ಹಿಡಿತ ಎಂಟೇ ಇರೋದು. ಒಂಬತ್ತು ನೀರು ಕಳೆದ್ರೆ ಅದು ತಲೆಗೂ ಬಾಲಕ್ಕೂ ಪೆಪ್ಟೈಡ್ ಬಂಧ ಹಾಕಿದ ಬೇರೇನೇ ಅಣುವಿನ ತೂಕ ಆಗತ್ತೆ. ಅದಕ್ಕೇ ರೂಢೀಲಿ ಈ ಕಳೆಯೋ ತಾಪತ್ರಯನೇ ಬೇಡ ಅಂತ ರೆಸಿಡ್ಯೂ ತೂಕ ಇಟ್ಕೊಳ್ಳೋದು, ಅಂದ್ರೆ ನೀರು ಹೋದ ಮೇಲೆ ಸರಪಳೀಲಿ ಉಳಿಯೋ ಭಾಗದ ತೂಕ. ಎಲ್ಲಾ ಕೂಡಿ, ಕೊನೇಲಿ ಎರಡು ತುದಿಗೋಸ್ಕರ ಒಂದೇ ಒಂದು ನೀರು ಸೇರ್ಸಿದ್ರೆ ಆಯ್ತು.

ಸಿಸ್ಟೀನ್ 103.139 ಎರಡು ಸಲ, ಲೈಸೀನ್ 128.174 ಎರಡು ಸಲ, ಆರ್ಜಿನೀನ್ 156.188, ಟ್ರಿಪ್ಟೊಫಾನ್ 186.213, ಲ್ಯೂಸೀನ್ 113.159, ಗ್ಲೈಸೀನ್ 57.052, ಫಿನೈಲ್‌ಅಲನೀನ್ 147.177. ಒಟ್ಟು 1122.41. ಒಂದು ನೀರು ಸೇರ್ಸಿ, 1140.43. ಇದೇ ಪ್ರೋಟ್‌ಪ್ಯಾರಮ್ ಕೊಟ್ಟ ನಂಬರ್ರು. ಅದು ಸುಳ್ಳು ಹೇಳಿಲ್ಲ, ನಾವು ಟೈಪ್ ಮಾಡಿದ್ದು ಒಂಬತ್ತು ಅಕ್ಷರ ಮಾತ್ರ, ಟೋಪಿ ಹಾಕಿದೀವಿ ಬಾಲ ಬದಲಾಯಿಸಿದೀವಿ ಅನ್ನೋದು ಅದಕ್ಕೆ ಹೆಂಗೆ ಗೊತ್ತಾಗ್ಬೇಕು.

ಅಸಿಟೈಲ್ ಬಂದ್ರೆ 42.037 ಕೂಡ್ಬೇಕು, 1182.47. ಬಾಲದಲ್ಲಿ ಆಮ್ಲದ ಓಎಚ್ ಹೋಗಿ ಎನ್‌ಎಚ್‌2 ಬಂದ್ರೆ 0.985 ಕಳೀಬೇಕು, 1181.48. ಕಂಪನಿ ನಂಬರ್ರು ಸಿಕ್ತು ನೋಡಿ. ಇನ್ನು ಎರಡು ಗಂಧಕ ಕೈ ಹಿಡೀಬೇಕಾದ್ರೆ ಎರಡು ಹೈಡ್ರೋಜನ್ ಬಿಟ್ಟು ಹೋಗ್ಬೇಕು, 2.016 ಕಳೀರಿ, 1179.47. ಗೈಡ್ ನಂಬರ್ರೂ ಸಿಕ್ತು.

ಇಲ್ಲಿಗೆ ಹುಡುಗಿ ಬ್ಯಾಗ್ ಹಾಕ್ಕೊಂಡು ಎದ್ದು ನಿಂತ್ಲು. ಎರಡು ಡಾಲ್ಟನ್ ತಾನೇ, ಸಾವಿರದ ನೂರೆಂಬತ್ತರಲ್ಲಿ ಎರಡು ಅಂದ್ರೆ ಏನು ಮಹಾ ಅನ್ನೋ ಧಾಟಿ. ನಾನೂ ಬಿಟ್ಟುಬಿಡ್ತಿದ್ನೇನೋ, ಆದ್ರೆ ಕಂಪನಿ ಬರೀ ಲೆಕ್ಕದ ನಂಬರ್ ಕೊಟ್ಟಿರ್ಲಿಲ್ಲ, ಮಾಸ್ ಸ್ಪೆಕ್, ಅಂದ್ರೆ ಅಣುವಿನ ತೂಕ ಪತ್ತೆ ಮಾಡೋ ಮಷೀನಿನ ಗ್ರಾಫೂ ಲಗತ್ತಿಸಿದ್ರು.

ಆ ಗ್ರಾಫ್ ನೋಡಿ ಅವಳು ತಿಂಗಳ ಹಿಂದೆನೇ ಹೆದರಿದ್ಲಂತೆ, ಯಾರಿಗೂ ಹೇಳಿರ್ಲಿಲ್ಲ. ಯಾಕಂದ್ರೆ ಅದ್ರಲ್ಲಿ 1181ರ ಹತ್ರ ಪೀಕೇ ಇಲ್ಲ, ದೊಡ್ಡ ಪೀಕ್ ಇರೋದು 591.6ರಲ್ಲಿ, ಅದರ ಪಕ್ಕ 394.8. "ಪೆಪ್ಟೈಡ್ ಅರ್ಧಕ್ಕೆ ಮುರ್ದೋಗೈತೆ ಅನ್ಕಂಡಿದ್ದೆ ಕನಣ್ಣ" ಅಂದ್ಲು. ಮುರಿದಿಲ್ಲ. ಮಷೀನ್ ಅಳೆಯೋದು ತೂಕ ಅಲ್ಲ, ತೂಕವನ್ನ ಚಾರ್ಜಿಂದ ಭಾಗಿಸಿದ್ದು. ನಮ್ಮ ಪೆಪ್ಟೈಡಲ್ಲಿ ಪ್ರೋಟಾನ್ ಹತ್ತಿಸ್ಕೊಳ್ಳೋ ಜಾಗ ಮೂರಿದೆ, ಎರಡು ಲೈಸೀನು ಒಂದು ಆರ್ಜಿನೀನು. ಎರಡು ಪ್ರೋಟಾನ್ ಹತ್ತಿದ್ದು ಅರ್ಧದ ಹತ್ರ ಕಾಣತ್ತೆ, ಮೂರು ಹತ್ತಿದ್ದು ಮೂರನೇ ಒಂದು ಭಾಗದ ಹತ್ರ. ಚಾರ್ಜ್ ಎಷ್ಟು ಅಂತ ಊಹೆ ಮಾಡೋದೂ ಬೇಡ, ಅಕ್ಕಪಕ್ಕದ ಎರಡು ಪೀಕ್ ಇದ್ರೆ ಸಾಕು. ಚಿಕ್ಕದರಿಂದ ಒಂದು ಪ್ರೋಟಾನ್, ಅಂದ್ರೆ 1.007 ಕಳೆದು, ಎರಡು ಪೀಕಿನ ಅಂತರದಿಂದ ಭಾಗಿಸಿ. 393.79 ಭಾಗಿಸು 196.8, ಎರಡು ಬಂತು, ಅಂದ್ರೆ 591.6 ಪೀಕಿನ ಚಾರ್ಜ್ ಎರಡು. ಈಗ ವಾಪಸ್ ಲೆಕ್ಕ ಹಾಕಿ, 591.6 ಗುಣಿಸು ಎರಡು, ಅದ್ರಲ್ಲಿ ಎರಡು ಪ್ರೋಟಾನ್ ಕಳೆದ್ರೆ 1181.2. ಆ ಕಡೆ 394.8 ಗುಣಿಸು ಮೂರು, ಮೂರು ಪ್ರೋಟಾನ್ ಕಳೆದ್ರೆ 1181.4.

ಅಂದ್ರೆ ಟ್ಯೂಬಲ್ಲಿ ಇರೋದು 1181, 1179 ಅಲ್ಲ. ಬಳೆ ಆಗಿಲ್ಲ, ಸರಪಳಿ ಬಿಚ್ಕೊಂಡೇ ಇದೆ. ಅವಳು ಬ್ಯಾಗ್ ಕೆಳಗಿಟ್ಲು.

ಇಲ್ಲಿ ಒಂದು ಗೊಂದಲ ಎದ್ದಿತ್ತು, ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಲ್ಯಾಬಲ್ಲಿ ಇನ್ನೊಬ್ರು, ಇದು ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ಆಟ ಇರ್ಬೇಕು, ಒಂದೆರಡು ಡಾಲ್ಟನ್ ಆಚೆ ಈಚೆ ಬಂದೇ ಬರತ್ತೆ ಅಂದ್ರು. ಮಾತು ಪೂರ್ತಿ ತಪ್ಪೂ ಅಲ್ಲ. ಕಾರ್ಬನ್‌ಗಳಲ್ಲಿ ನೂರಕ್ಕೆ ಸುಮಾರು 1.1 ಕಾರ್ಬನ್-13 ಇರತ್ತೆ. ನಮ್ಮ ಪೆಪ್ಟೈಡಲ್ಲಿ ಕಾರ್ಬನ್ 54, ಹಂಗಾಗಿ ನೂರು ಅಣು ತಗೊಂಡ್ರೆ ಸುಮಾರು 44ರಲ್ಲಿ ಒಂದಾದ್ರೂ ಭಾರದ ಕಾರ್ಬನ್ ಕೂತಿರತ್ತೆ, ಜೊತೆಗೆ ಗಂಧಕದ ಭಾರದ ಐಸೊಟೋಪ್ ಬೇರೆ. ಎಲ್ಲಾ ಹಗುರ ಐಸೊಟೋಪೇ ಇರೋ ಅಣುವಿನ ತೂಕಕ್ಕೆ ಮೊನೊಐಸೊಟೋಪಿಕ್ ಅಂತಾರೆ, ಎಲ್ಲಾ ಬೆರೆತ ಸರಾಸರಿಗೆ ಆವರೇಜ್ ಅಂತಾರೆ. ಬಿಚ್ಚಿದ ಸರಪಳಿಗೆ ಆವರೇಜ್ 1181.48, ಮೊನೊ 1180.60. ಬಳೆಗೆ ಆವರೇಜ್ 1179.47, ಮೊನೊ 1178.58. ತಕ್ಕಡೀಲಿ ತೂಗೋವಾಗ ಎಲ್ಲಾ ಥರದ ಅಣುನೂ ಒಟ್ಟಿಗೆ ಬರತ್ತಲ್ಲ, ಅಲ್ಲಿ ಆವರೇಜೇ ಬೇಕು. ಐಸೊಟೋಪ್ ಪೀಕ್‌ಗಳನ್ನ ಬೇರೆ ಬೇರೆ ಮಾಡಿ ತೋರ್ಸೋ ಮಷೀನಿಗೆ ಮೊನೊ. ಕಂಪನಿ ಬಳಸಿದ್ದು ಸಿಂಗಲ್ ಕ್ವಾಡ್ ಅನ್ನೋ ಸಾಧಾರಣ ಮಾಸ್ ಮಷೀನು, ಚಾರ್ಜ್ ಎರಡು ಮೂರು ಆದಾಗ ಅದಕ್ಕೆ ಐಸೊಟೋಪ್‌ಗಳು ಸರಿಯಾಗಿ ಬಿಡಿಯಾಗಿ ಕಾಣಲ್ಲ, ಮೊನೊಗೂ ಆವರೇಜಿಗೂ ನಡುವೆ ಎಲ್ಲೋ ಒಂದು ಕಡೆ ಒಂದೇ ದಿಬ್ಬ ತೋರ್ಸತ್ತೆ. ಅದಕ್ಕೇ 1181.2 ಅನ್ನೋ ತಾಳಮೇಳ ಇಲ್ಲದ ನಂಬರ್ರು. ಅದನ್ನ ಬಳೆಯ ಮೊನೊ ಜೊತೆ ಹೋಲಿಸಿದ್ರೆ ವ್ಯತ್ಯಾಸ 2.6, ಆವರೇಜ್ ಜೊತೆ ಹೋಲಿಸಿದ್ರೆ 1.7, ಹುಡುಗಿ ಎರಡೂ ಮಾಡಿ ನೋಡಿ ತಲೆ ಕೆಡಿಸ್ಕೊಂಡಿದ್ಲು.

ಊರಲ್ಲೇ ಇನ್ನೊಂದು ಕಡೆ ಹೈ ರೆಸೊಲ್ಯೂಷನ್ ಮಷೀನ್ ಇತ್ತು, ಗೈಡ್ ಒಂದು ಫೋನ್ ಮಾಡಿ ಕೇಳಿದ್ಮೇಲೆ ಒಂದು ಸ್ಲಾಟ್ ಸಿಕ್ತು. ಬಂದಿದ್ದು 591.308, ಐಸೊಟೋಪ್ ಪೀಕ್‌ಗಳ ನಡುವೆ ಅಂತರ ಸರಿಯಾಗಿ ಅರ್ಧ (ಒಂದು ಡಾಲ್ಟನ್ ಅಂತರವನ್ನ ಚಾರ್ಜಿಂದ ಭಾಗಿಸಿದ್ದು), ಅಂದ್ರೆ ಚಾರ್ಜ್ ಎರಡೇ. ಬಿಚ್ಚಿದ ಸರಪಳಿಗೆ ಲೆಕ್ಕದ ಪ್ರಕಾರ ಬರ್ಬೇಕಾಗಿದ್ದು 591.307. ಬಳೆ ಆಗಿದ್ರೆ 590.299ರಲ್ಲಿ ಮೊದಲ ಪೀಕ್ ಕಾಣ್ಬೇಕಿತ್ತು, ಅಲ್ಲಿ ಬರೀ ಬೋಳು. ಐಸೊಟೋಪ್ ವಾದ ಅಲ್ಲಿಗೆ ಮುಗೀತು, ಯಾಕಂದ್ರೆ ಐಸೊಟೋಪ್ ಮೇಲಕ್ಕೆ ಪೀಕ್ ಸೇರ್ಸತ್ತೆ ಹೊರತು ಮೊದಲನೇ ಪೀಕನ್ನ ಮಾಯ ಮಾಡಲ್ಲ, ಅದೂ ಈ ಸೈಜಿನ ಪೆಪ್ಟೈಡಲ್ಲಿ ಮೊದಲನೇ ಪೀಕೇ ಎಲ್ಲಕ್ಕಿಂತ ಎತ್ತರ.

ಮಾಸ್ ಜೊತೆ ಕಣ್ಣಿಗೆ ಕಾಣೋ ಸಾಕ್ಷಿನೂ ಇರ್ಲಿ ಅಂತ ಎಲ್ಮನ್ ರೀಜೆಂಟ್ ಟೆಸ್ಟ್ ಮಾಡಿದ್ವಿ. ಎಲ್ಮನ್ 1959ರಲ್ಲಿ ಕೊಟ್ಟ ವಿಧಾನ, ಇವತ್ತಿಗೂ ಇದರಷ್ಟು ಅಗ್ಗದ್ದು ನಂಬಿಕಸ್ತದ್ದು ಇನ್ನೊಂದಿಲ್ಲ. ಕೈ ಹಿಡಿದಿಲ್ಲದ ಗಂಧಕ ಇದ್ರೆ ಹಳದಿ ಬಣ್ಣ ಬರತ್ತೆ, 412 ನ್ಯಾನೊಮೀಟರಲ್ಲಿ ಓದ್ಬೇಕು. ಕುವೆಟ್ಟಿಗೆ ಹಾಕಿ ಎರಡು ನಿಮಿಷ ಆಗಿರ್ಲಿಲ್ಲ, ಅರಿಶಿನ ನೀರು ಓಕುಳಿಗೆ ಕದಡಿದಂಗೆ ಆಯ್ತು. 25 ಮೈಕ್ರೋಮೋಲಾರ್ ಪೆಪ್ಟೈಡ್‌ಗೆ ರೀಡಿಂಗ್ 0.66. ಅದನ್ನ 14150ರಿಂದ ಭಾಗಿಸಿದ್ರೆ ಸುಮಾರು 46.6 ಮೈಕ್ರೋಮೋಲಾರ್ ಥಯಾಲ್ (ಕೈ ಹಿಡಿದಿಲ್ಲದ ಗಂಧಕ), ಅಂದ್ರೆ ಒಂದು ಪೆಪ್ಟೈಡ್‌ಗೆ 1.87. ಹೆಚ್ಚುಕಮ್ಮಿ ಎರಡೂ ಸಿಸ್ಟೀನು ಬಿಡಿಯಾಗೇ ಇವೆ.

ಹಂಗಾದ್ರೆ ಕಂಪನಿಯವ್ರು ಮೋಸ ಮಾಡಿದ್ರಾ? ಗೈಡ್ ಅದೇ ಸಿಟ್ಟಲ್ಲಿ ಮೇಲ್ ಬರೆಯೋಕೆ ಕೂತಿದ್ರು, ತಡೀರಿ ಮೇಡಂ ಒಂದು ಸಲ ಆರ್ಡರ್ ಫಾರಂ ನೋಡೋಣ ಅಂದೆ. ಫಾರಮ್ಮಲ್ಲಿ ಸೀಕ್ವೆನ್ಸ್ ಸರಿಯಾಗಿದೆ, ಮುಂದಿನ ತುದಿ ಅಸಿಟೈಲ್ ಟಿಕ್ ಆಗಿದೆ, ಹಿಂದಿನ ತುದಿ ಅಮೈಡ್ ಟಿಕ್ ಆಗಿದೆ, ಡೈಸಲ್ಫೈಡ್ ಬೇಕು ಅಂತ ಬರೀಬೇಕಾದ ರಿಮಾರ್ಕ್ಸ್ ಜಾಗ ಖಾಲಿ. ಎರಡು ಸಿ ಇದ್ರೆ ಅವ್ರೇ ಅರ್ಥ ಮಾಡ್ಕೋತಾರೆ ಅಂದ್ಕೊಂಡಿದ್ವಿ. ಅವ್ರು ಕಳಿಸಿದ ಕೊಟೇಶನ್ನಲ್ಲೇ 1181.48 ಅಂತ ದಪ್ಪಕ್ಷರದಲ್ಲಿ ಇದೆ, ಅದರ ಕೆಳಗೆ ಮೇಡಂ ಸೈನ್ ಇದೆ. ದುಡ್ಡು ಕಟ್ಟೋಕೆ ಮುಂಚೆ ಯಾರಾದ್ರೂ ಕ್ಯಾಲ್ಕುಲೇಟರ್ ಹಿಡಿದು ಐದು ನಿಮಿಷ ಕೂತಿದ್ರೆ ಎರಡು ಡಾಲ್ಟನ್ ಜಾಸ್ತಿ ಇರೋದು ಅವತ್ತೇ ಕಾಣ್ತಿತ್ತು. ಮೇಡಂ ಲ್ಯಾಪ್‌ಟಾಪ್ ಮುಚ್ಚಿ ಟೀ ತರ್ಸಿದ್ರು.

ಯಾಕೆ ಹಿಂಗಾಗತ್ತೆ ಅಂದ್ರೆ ಪೆಪ್ಟೈಡ್ ಮಾಡೋ ರೀತೀಲೇ ಉತ್ತರ ಇದೆ. 1963ರಲ್ಲಿ ಬ್ರೂಸ್ ಮೆರಿಫೀಲ್ಡ್ ತೋರಿಸ್ಕೊಟ್ಟ ದಾರಿ ಇದು, 1984ರಲ್ಲಿ ಅದಕ್ಕೆ ನೊಬೆಲ್ ಬಂತು, ರೆಸಿನ್ ಮಣಿಗೆ ಬಾಲ ಕಟ್ಟಿ ಒಂದೊಂದೇ ಅಮಿನೊ ಆಮ್ಲ ಪೋಣಿಸ್ಕೊಂಡು ಹೋಗೋದು. ಪೋಣಿಸೋವಾಗ ಸಿಸ್ಟೀನಿನ ಗಂಧಕ ಸಿಕ್ಕಿದ್ದಕ್ಕೆಲ್ಲಾ ಅಂಟ್ಕೋಬಾರ್ದು ಅಂತ ಅದಕ್ಕೆ ಟ್ರಿಟೈಲ್ ಅನ್ನೋ ಮುಸುಕು ಹಾಕಿರ್ತಾರೆ. ಕೊನೇಲಿ ಟಿಎಫ್‌ಎ ಅಂದ್ರೆ ಟ್ರೈಫ್ಲೂರೊಅಸಿಟಿಕ್ ಆಮ್ಲ ಸುರಿದಾಗ ಮಣಿಯಿಂದ ಪೆಪ್ಟೈಡೂ ಬಿಚ್ಚತ್ತೆ, ಮುಸುಕೂ ಬಿಚ್ಚತ್ತೆ, ಗಂಧಕ ಎರಡೂ ಬಿಡಿ ಬಿಡಿಯಾಗೇ ಹೊರಗೆ ಬರತ್ತೆ. ಬಳೆ ಮಾಡೋದು ಅದರ ಮೇಲಿನ ಇನ್ನೊಂದು ಕೆಲ್ಸ, ಅದಕ್ಕೆ ಬೇರೆ ದುಡ್ಡು, ಕೇಳಿದ್ರೆ ಮಾತ್ರ ಮಾಡ್ತಾರೆ.

ಹುಡುಗಿಗೆ ತನ್ನ ಲೆಕ್ಕದ ಮೇಲೆ ಇನ್ನೂ ನಂಬಿಕೆ ಬಂದಿರ್ಲಿಲ್ಲ, ಅದಕ್ಕೆ ಆಕ್ಸಿಟೋಸಿನ್ ಲೆಕ್ಕ ಹಾಕು ಅಂದೆ. ಹಸು ಕಟ್ಟಿರೋ ಮನೆಯವ್ರಿಗೆ ಈ ಹೆಸರು ಹೊಸದಲ್ಲ, ಕೆಚ್ಚಲಿಗೆ ಹಾಲು ಇಳೀಲಿ ಅಂತ ಕದ್ದು ಮುಚ್ಚಿ ಇಂಜೆಕ್ಷನ್ ಹಾಕೋರು ಇದಾರಲ್ಲ, ಅದೇ. ಅದೂ ಒಂಬತ್ತೇ ಅಮಿನೊ ಆಮ್ಲ, ಅದಕ್ಕೂ ಅಮೈಡ್ ಬಾಲ, ಅದರಲ್ಲೂ ಎರಡು ಸಿಸ್ಟೀನ್ ಸೇರಿದ ಡೈಸಲ್ಫೈಡ್. 1953ರಲ್ಲಿ ವಿನ್ಸೆಂಟ್ ದು ವಿನ್ಯೋ ಲ್ಯಾಬಲ್ಲಿ ಮಾಡಿ ತೋರಿಸಿ 1955ರಲ್ಲಿ ನೊಬೆಲ್ ತಗೊಂಡ್ರು. ರೆಸಿಡ್ಯೂಗಳ ಮೊತ್ತ 992.18, ನೀರು ಸೇರ್ಸಿ 1010.19, ಅಮೈಡ್‌ಗೆ ಕಳೆದು 1009.21, ಡೈಸಲ್ಫೈಡ್‌ಗೆ ಕಳೆದು 1007.19. ಪುಸ್ತಕದಲ್ಲಿ ಇರೋದೂ 1007.19. "ಪರ್ವಾಗಿಲ್ವಲ್ಲ, ಬತ್ತೈತಲ್ಲ" ಅಂತ ತಾನೇ ಹೇಳ್ಕೊಂಡ್ಲು. ಉತ್ತರ ಗೊತ್ತಿರೋ ಪೆಪ್ಟೈಡ್ ಒಂದನ್ನ ಮೊದ್ಲು ಹಾಕಿ ತಾಳೆ ನೋಡ್ದೆ ಯಾವ ಶೀಟನ್ನೂ ನಂಬ್ಬಾರ್ದು ಅಂತ ನಾನೀಗ ಹೇಳೋದು, ನನ್ನ ಶೀಟ್ ನೋಡಿದ್ ಮೇಲಂತೂ.

ಈಗ ಎರಡನೇ ತಲೆನೋವು. ಮೂರು ವಾರದಿಂದ ಅವಳು ಬ್ಯಾಕ್ಟೀರಿಯಾ ಮೇಲೆ ಪರೀಕ್ಷೆಗೆ ಪ್ಲೇಟ್ ಹಾಕ್ತಾನೇ ಇದಾಳೆ, ಅದಕ್ಕೆ ಬಳಸಿದ ಸ್ಟಾಕ್, ಅಂದ್ರೆ ಪೆಪ್ಟೈಡಿನ ಮೂಲ ದ್ರಾವಣ, ಹೆಂಗ್ ಮಾಡಿದ್ಲು? 1284.56 ನಂಬಿ, ಒಂದು ಎಂಎಲ್‌ಗೆ 1.2846 ಮಿಲಿಗ್ರಾಂ ತೂಗಿ ಹಾಕಿ ಟ್ಯೂಬ್ ಮೇಲೆ 1 ಮಿಲಿಮೋಲಾರ್ ಅಂತ ಬರೆದಿದ್ಲು. ಲೆಕ್ಕದ ಪ್ರಕಾರ ಸುಮಾರು ನೂರಕ್ಕೆ ಒಂಬತ್ತು ಭಾಗ ಜಾಸ್ತಿ ಹಾಕಿದಂಗಾಯ್ತು ಅಂತ ನಾನು ಅಂದ್ಕೊಂಡೆ. ಆದ್ರೆ ತಕ್ಕಡೀಲಿ ಕೂತಿದ್ದು ಬರೀ ಪೆಪ್ಟೈಡ್ ಅಲ್ವಲ್ಲ. ಆ ಮೂರು ಪ್ರೋಟಾನ್ ಜಾಗ ಇದೆಯಲ್ಲ, ಎರಡು ಲೈಸೀನು ಒಂದು ಆರ್ಜಿನೀನು, ಒಂದೊಂದೂ ಒಂದೊಂದು ಟಿಎಫ್‌ಎ ಅಣುವನ್ನ ಕಂಕುಳಲ್ಲಿ ಇಟ್ಕೊಂಡೇ ಬರತ್ತೆ. ಒಂದರ ತೂಕ 114.02, ಮೂರಕ್ಕೆ 342.07. ಮುಂದಿನ ತುದಿಗೆ ಅಸಿಟೈಲ್ ಟೋಪಿ ಇಲ್ದಿದ್ರೆ ಅಲ್ಲೂ ಒಂದು ಸೇರಿ ನಾಲ್ಕಾಗ್ತಿತ್ತು. ಹಂಗಾಗಿ ಉಪ್ಪಿನ ರೂಪದ ತೂಕ 1523.55, ಅದ್ರಲ್ಲಿ ಪೆಪ್ಟೈಡ್ ಪಾಲು ನೂರಕ್ಕೆ 77.5 ಮಾತ್ರ. ಅದೂ ಸಾಲ್ದು ಅಂತ ಒಣಗಿಸಿದ ಪುಡಿ ಗಾಳಿಯಿಂದ ನೀರು ಬೇರೆ ಎಳ್ಕೊಂಡಿರತ್ತೆ.

ಇದನ್ನ ಹೇಳ್ತಾ ಹೇಳ್ತಾ ಅವಳ ಮುಖ ನೋಡ್ದೆ, ಗೊತ್ತಾಗ್ತಿಲ್ಲ. ಆಮೇಲೆ ಅವಳೇ ಕೇಳಿದ್ಲು, "ಅಂದ್ರೆ ಫ್ಯಾಕ್ಟ್ರೀಲಿ ಕಬ್ಬು ತೂಗ್ದಂಗಾ?" ಅವರಪ್ಪ ಕಬ್ಬು ಬೆಳೆಯೋರು. ಟ್ರ್ಯಾಕ್ಟರ್ ಲೋಡ್ ಸಮೇತ ವೇಬ್ರಿಡ್ಜ್ ಮೇಲೆ ಹತ್ತತ್ತೆ, ಕಬ್ಬು ಇಳಿಸಿ ಖಾಲಿ ಟ್ರ್ಯಾಕ್ಟರ್ ಮತ್ತೆ ತೂಗ್ತಾರೆ, ಕಳೆದಿದ್ದು ಕಬ್ಬಿನ ತೂಕ, ಅದ್ರಲ್ಲೂ ರವದಿ ಸೋಗೆ ಲೆಕ್ಕ ಅಂತ ಒಂದಿಷ್ಟು ಮುರಿಯೋದು ಇದ್ದೇ ಇರತ್ತೆ. ಹ್ಞೂಂ ಕಣಮ್ಮ, ನೀನು ಮೂರು ವಾರ ಟ್ರ್ಯಾಕ್ಟರನ್ನೂ ಕಬ್ಬು ಅಂತ ಲೆಕ್ಕ ಹಾಕಿದೀಯ ಅಂದೆ. ಇದಕ್ಕಿಂತ ಚೆನ್ನಾಗಿ ನೆಟ್ ಪೆಪ್ಟೈಡ್ ಕಂಟೆಂಟ್ (ಪುಡೀಲಿ ನಿಜವಾದ ಪೆಪ್ಟೈಡಿನ ಪಾಲು) ಅನ್ನೋದನ್ನ ವಿವರಿಸಿದೋರನ್ನ ನಾನು ನೋಡಿಲ್ಲ.

ನಮ್ಮಲ್ಲಿ ಖಾಲಿ ಟ್ರ್ಯಾಕ್ಟರ್ ತೂಗೋಕೆ ಆಗಲ್ಲ, ಆದ್ರೆ ಪೆಪ್ಟೈಡಲ್ಲಿ ಒಂದು ಟ್ರಿಪ್ಟೊಫಾನ್ ಇರೋದ್ರಿಂದ ಬಚಾವ್. 280 ನ್ಯಾನೊಮೀಟರಲ್ಲಿ ಅದರ ಎಕ್ಸ್‌ಟಿಂಕ್ಷನ್, ಅಂದ್ರೆ ಬೆಳಕು ಹೀರೋ ಅಳತೆ, 5500, ಟಿಎಫ್‌ಎಗೂ ನೀರಿಗೂ ಅಲ್ಲಿ ಯಾವ ಬೆಳಕೂ ಹಿಡಿಯಲ್ಲ. ಅವಳ ಸ್ಟಾಕನ್ನ ಹತ್ತು ಪಟ್ಟು ತಿಳಿ ಮಾಡಿ ಓದಿದ್ವಿ. ನಿಜವಾಗ್ಲೂ 1 ಮಿಲಿಮೋಲಾರ್ ಇದ್ದಿದ್ರೆ 0.55 ಬರ್ಬೇಕಿತ್ತು, ಬಂದಿದ್ದು 0.424. ಅಂದ್ರೆ ಸ್ಟಾಕ್ 0.77 ಮಿಲಿಮೋಲಾರ್. ಮಿಲಿಗ್ರಾಂ ಲೆಕ್ಕದಲ್ಲಿ ಎಂಎಲ್‌ಗೆ 0.911 ಪೆಪ್ಟೈಡ್, ತೂಗಿದ್ದು 1.2846, ಪಾಲು ನೂರಕ್ಕೆ 71. ಉಳಿದಿದ್ದು ಟಿಎಫ್‌ಎ ಮತ್ತೆ ನೀರು. ತಮಾಷೆ ಅಂದ್ರೆ ಅವಳು ಸರಿಯಾದ 1181.48 ಇಟ್ಕೊಂಡು ತೂಗಿದ್ದಿದ್ರೆ ಸ್ಟಾಕ್ ಇನ್ನೂ ತೆಳ್ಳಗೆ, 0.71 ಆಗಿರ್ತಿತ್ತು. ನನ್ನ ಶೀಟಿನ ತಪ್ಪು ಟಿಎಫ್‌ಎ ತಪ್ಪನ್ನ ಒಂಚೂರು ಮುಚ್ಚಿ ಹಾಕಿತ್ತು, ಅದನ್ನ ನಾನು ಎರಡು ಸಲ ಹೇಳಿ ತೋರಿಸ್ದೆ, ಯಾರೂ ಮೆಚ್ಕೊಳ್ಳಲಿಲ್ಲ.

ನಿಜ ಹೇಳ್ಬೇಕಂದ್ರೆ ಎಂಐಸಿ (ಬ್ಯಾಕ್ಟೀರಿಯಾ ಬೆಳೆಯೋದನ್ನ ನಿಲ್ಲಿಸೋಕೆ ಬೇಕಾದ ಕನಿಷ್ಠ ಪ್ರಮಾಣ) ನೋಡೋ ಪ್ಲೇಟಿಗೆ ಈ 23 ಪರ್ಸೆಂಟ್ ವ್ಯತ್ಯಾಸ ಅಂಥಾ ದೊಡ್ಡ ಅನಾಹುತ ಏನಲ್ಲ, ಅಲ್ಲಿ ಒಂದು ಬಾವಿಯಿಂದ ಇನ್ನೊಂದಕ್ಕೆ ಅರ್ಧ ಅರ್ಧ ಇಳಿಸ್ಕೊಂಡು ಹೋಗೋದು, ಒಂದು ಮೆಟ್ಟಲು ಆಚೆ ಈಚೆ ಅನ್ನೋದು ಹೆಂಗಿದ್ರೂ ಇರೋದೇ. ಬೈಂಡಿಂಗ್ ಮಾಪನ ಮಾಡ್ತಿದ್ರೆ ಮಾತ್ರ ಆ ತಪ್ಪು ನೇರ ಉತ್ತರಕ್ಕೆ ಬಂದು ಕೂರತ್ತೆ. ನಮಗೆ ಅನಾಹುತ ಆಗಿದ್ದು ಬಳೆ ಇಲ್ಲದಿದ್ದದ್ದು. ಅವಳು ಮೂರು ವಾರ ಟೆಸ್ಟ್ ಮಾಡಿದ್ದು ಡಿಸೈನ್ ಮಾಡಿದ ಪೆಪ್ಟೈಡನ್ನೇ ಅಲ್ಲ. ಅದೂ ಬಿಡಿ ಗಂಧಕ ಇರೋ ಪೆಪ್ಟೈಡ್ 37 ಡಿಗ್ರೀಲಿ ರಾತ್ರಿಯೆಲ್ಲಾ ಮೀಡಿಯಾದಲ್ಲಿ ಕೂತಾಗ ಯಾವ ಯಾವ ರೂಪಕ್ಕೆ ತಿರುಗಿತ್ತೋ ದೇವರಿಗೇ ಗೊತ್ತು.

ಬಳೆ ಮಾಡೋಣ ಅಂತ ನಾವೇ ನಿಂತ್ವಿ. ಕಷ್ಟ ಏನಿಲ್ಲ, ತಾಳ್ಮೆ ಬೇಕು. ಎಂಎಲ್‌ಗೆ 0.1 ಮಿಲಿಗ್ರಾಂ ಮಾತ್ರ ಇರೋ ಹಂಗೆ ತೀರಾ ತೆಳ್ಳಗೆ ಕರಗಿಸಿ, ಅಮೋನಿಯಂ ಬೈಕಾರ್ಬೊನೇಟ್ ಬಫರು, ಪಿಎಚ್ 8, ಬೀಕರ್ ಬಾಯಿ ತೆರೆದಿಟ್ಟು ನಿಧಾನಕ್ಕೆ ತಿರುಗಿಸ್ತಾ ಇರೋದು, ಗಾಳಿಯ ಆಕ್ಸಿಜನ್ನೇ ಹೈಡ್ರೋಜನ್ ಕಿತ್ಕೊಂಡು ಹೋಗತ್ತೆ. ತೆಳ್ಳಗೆ ಯಾಕೆ ಅಂದ್ರೆ, ಗಟ್ಟಿ ಇದ್ರೆ ಒಂದು ಅಣುವಿನ ಗಂಧಕ ತನ್ನದೇ ಬಾಲದ ಬದ್ಲು ಪಕ್ಕದ ಅಣುವಿನ ಗಂಧಕವನ್ನ ಹಿಡ್ಕೊಂಡುಬಿಡತ್ತೆ, ಎರಡು ಸರಪಳಿ ಸೇರಿ ಒಂದು ದೊಡ್ಡ ಬಳೆ ಆಗತ್ತೆ. ಹೊತ್ತೊತ್ತಿಗೆ ಒಂದಿಷ್ಟು ತೆಗೆದು ಎಲ್ಮನ್ ಟೆಸ್ಟ್ ಮಾಡ್ತಾ ಹೋದ್ವಿ, 40 ಗಂಟೆ ಹೊತ್ತಿಗೆ ಹಳದಿ ಬರೋದೇ ನಿಂತೋಯ್ತು.

ಮಾಸ್ ಮಾಡ್ಸಿದ್ರೆ 590.30. ಹುಡುಗಿ ಕುಣಿಯೋದೊಂದು ಬಾಕಿ. ನಾನು ಮಾತ್ರ ಕುಣೀಲಿಲ್ಲ, ಇಡೀ ಪ್ರಕರಣದಲ್ಲಿ ನನಗೆ ಬಹಳ ಇಷ್ಟವಾದ ಕಿತಾಪತಿ ಇಲ್ಲೇ ಇರೋದು. ಎರಡು ಸರಪಳಿ ಸೇರಿದ ದೊಡ್ಡ ಬಳೆಯ ಮೊನೊ ತೂಕ 2357.17, ಸರಿಯಾಗಿ ಸಣ್ಣ ಬಳೆಯ ಎರಡರಷ್ಟು. ಅದಕ್ಕೆ ನಾಲ್ಕು ಪ್ರೋಟಾನ್ ಹತ್ತಿದ್ರೆ ಎಲ್ಲಿ ಕಾಣತ್ತೆ ಹೇಳಿ? ಅದೇ 590.30ರಲ್ಲಿ! ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಹಂಗಾಗಿ 590.30 ಬಂತು ಅಂದ ಮಾತ್ರಕ್ಕೆ ನಮಗೆ ಬೇಕಾದ ಬಳೆ ಬಂತು ಅಂತಲ್ಲ. ನೋಡ್ಬೇಕಾದ್ದು ಎರಡು. ಐಸೊಟೋಪ್ ಪೀಕ್‌ಗಳ ಅಂತರ ಅರ್ಧ ಇದ್ರೆ ಚಾರ್ಜ್ ಎರಡು, ಸಣ್ಣ ಬಳೆ; ಕಾಲು ಇದ್ರೆ ಚಾರ್ಜ್ ನಾಲ್ಕು, ಜೋಡಿ ಬಳೆ. ಇನ್ನೊಂದು, ಜೋಡಿಗೆ ಮೂರು ಪ್ರೋಟಾನ್ ಹತ್ತಿದ್ದು 786.73ರಲ್ಲಿ ಬರತ್ತೆ, ಒಂಟಿಯಾಗಿರೋ ಸಣ್ಣ ಬಳೆ ಅಲ್ಲಿ ಪೀಕ್ ಕೊಡೋಕಾಗಲ್ಲ. ಗ್ರಾಫ್ ದೊಡ್ಡದು ಮಾಡಿ ಇಬ್ರೂ ಮೂಗು ತಾಗೋ ಹಂಗೆ ಸ್ಕ್ರೀನಿಗೆ ಬಗ್ಗಿ ನೋಡಿದ್ವಿ. 590.30, 590.80, 591.30, ಅರ್ಧ ಅರ್ಧನೇ. ಕಾಲಿನ ಪೀಕ್‌ಗಳು ಆ ಸಂದೀಲಿ ಇಲ್ಲ. 786.7ರಲ್ಲಿ ತಳದ ಗಿಜಿಗಿಜಿ ಗೆರೆಯಿಂದ ಒಂಚೂರು ಎದ್ದಂಗೆ ಕಂಡ್ತು, ಅಂದ್ರೆ ಜೋಡಿ ಎಲ್ಲೋ ಸ್ವಲ್ಪ ಆಗಿದೆ. ಬೆರೆತ ಅಣುಗಳನ್ನ ಬೇರ್ಪಡಿಸೋ ಎಚ್‌ಪಿಎಲ್‌ಸೀಲಿ ಅದು ಬೇರೆ ಕಡೆ ಸಣ್ಣ ಗುಬ್ಬಿ ಥರ ಬಂತು, ಬಿಟ್ಟು ಮುಖ್ಯ ಪೀಕನ್ನ ಮಾತ್ರ ಹಿಡ್ಕೊಂಡ್ವಿ.

4 ಮಿಲಿಗ್ರಾಂ ಹಾಕಿದ್ದಕ್ಕೆ ಕೊನೆಗೆ ಕೈಗೆ ಸಿಕ್ಕಿದ್ದು 1.9 ಮಿಲಿಗ್ರಾಂ ಪುಡಿ. ಎಚ್‌ಪಿಎಲ್‌ಸೀಲಿ ಮತ್ತೆ ಟಿಎಫ್‌ಎ ಬಳಸಿದ್ರಿಂದ ಇದೂ ಟಿಎಫ್‌ಎ ಉಪ್ಪೇ, ಅದರ ತೂಕ 1521.54. ಈ ಸಲ ತೂಗಿ ಸ್ಟಾಕ್ ಮಾಡೋ ಗೋಜಿಗೇ ಹೋಗ್ಲಿಲ್ಲ, ಕರಗಿಸಿ 280ರಲ್ಲಿ ಓದಿ ಕಾನ್ಸಂಟ್ರೇಶನ್ ಬರೆದ್ವಿ, ಡೈಸಲ್ಫೈಡ್ ಬಂದಿದ್ರಿಂದ 5500ಕ್ಕೆ 125 ಸೇರ್ಸಿ 5625 ಇಟ್ಕೊಂಡು.

ಪ್ರೋಗ್ರೆಸ್ ರಿಪೋರ್ಟಿನ ಆ ಕಾಲಂ ಕೊನೆಗೆ ಮೂರು ಕಾಲಂ ಆಯ್ತು, ಆವರೇಜ್ 1179.47, ಮೊನೊ 1178.58, ಉಪ್ಪಿನ ರೂಪ 1521.54, ಜಾಗ ಸಾಲ್ದೆ ಪೇಜ್ ಅಡ್ಡ ತಿರುಗಿಸ್ಬೇಕಾಯ್ತು. ಹಳೇ ಪ್ಲೇಟುಗಳ ರಿಸಲ್ಟನ್ನ ಬಿಸಾಕೋದು ಬೇಡ, ಬಿಚ್ಚಿದ ಸರಪಳಿ ಅಂತ ಹೆಸರು ಬರೆದು ಬೇರೆ ಟೇಬಲ್ಲಿಗೆ ಹಾಕು, ಹೋಲಿಕೆಗೆ ಆಗತ್ತೆ ಅಂದ್ರು ಮೇಡಂ. ಆಮೇಲೆ ಮುಂದಿನ ಪೆಪ್ಟೈಡಿನ ಕೊಟೇಶನ್ ಬಂದಿತ್ತು, ಸೈನಿಗೆ ಅಂತ ನನ್ನ ಮುಂದೆಯೇ ಟೇಬಲ್ ಮೇಲೆ ಇಟ್ರು. ಹುಡುಗಿ ಅದನ್ನ ಎಳ್ಕೊಂಡು, ಮೊಬೈಲಲ್ಲಿ ಕ್ಯಾಲ್ಕುಲೇಟರ್ ತೆಗೆದು, ಐದು ನಿಮಿಷ ಯಾರ ಜೊತೆನೂ ಮಾತಾಡ್ಲಿಲ್ಲ. "ಈಗ ಮಾಡಿ ಮೇಡಂ" ಅಂದ್ಲು.